ಫೋಮ್ ಜೆಟ್‌ಗೆ ಬಲ ಮತ್ತು ಬಣ್ಣ: ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು

ಮಳೆಗಾಲದಲ್ಲಿ ನಮ್ಮ ಕಡೆ ಆರ್‌ಸಿ (ರೇಡಿಯೊ ಕಂಟ್ರೋಲ್) ವಿಮಾನ ಹಾರಿಸುವ ಮಾತೇ ಇಲ್ಲ. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು ಇದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಹಾಗಾಗಿ ಕಟ್ಟುವ ಕೆಲಸವೆಲ್ಲ ಆಟಿ ತಿಂಗಳಲ್ಲಿ, ಹಾರಿಸುವುದು ಗದ್ದೆ ಕೊಯ್ಲು ಆದ ಮೇಲೆ. ಉಡುಪಿಯ ನನ್ನ ಮನೆಯ ಚಾವಡಿಯಲ್ಲಿ ಹೀಗೆ ಕಟ್ಟಿದ ಒಂದು ತೇಜಸ್ ಮಾದರಿಯನ್ನು ಮುಂದಿಟ್ಟುಕೊಂಡು, ಜೆಟ್ ಮಾದರಿಯ ಮೈಯನ್ನು ಹೇಗೆ ಗಟ್ಟಿ ಮಾಡುವುದು, ಹೇಗೆ ನಯ ಮಾಡಿ ಬಣ್ಣ ಹಾಕುವುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ಫೋಮ್ ಶೀಟ್ ಕತ್ತರಿಸಿ ಜೋಡಿಸುವುದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ಅದರ ನಂತರದ ಕೆಲಸ ಇದು.

ಮಾದರಿಯ ಅಳತೆ ಮೊದಲು ಹೇಳಿಬಿಡುತ್ತೇನೆ. 5 ಮಿ.ಮೀ. ಎಕ್ಸ್‌ಪಿಎಸ್ (ಗಟ್ಟಿ ಪಾಲಿಸ್ಟೈರೀನ್ ಫೋಮ್) ಶೀಟು, ರೆಕ್ಕೆಯ ಅಗಲ 70 ಸೆಂ.ಮೀ., ಉದ್ದ 112 ಸೆಂ.ಮೀ., 64 ಮಿ.ಮೀ. ಇಡಿಎಫ್ (ಕೊಳವೆಯೊಳಗೆ ಮೋಟರಿನಿಂದ ತಿರುಗುವ) ಫ್ಯಾನು, 4 ಸೆಲ್‌ನ 2200 ಎಂಎಎಚ್ ಬ್ಯಾಟರಿ. ಬರೀ ಮೈ 310 ಗ್ರಾಂ. ಎಲ್ಲ ಮುಗಿದು ಹಾರಲು ನಿಂತಾಗ 940 ಗ್ರಾಂ.

ಕೆಲಸ ಶುರು ಮಾಡುವ ಮೊದಲು ಒಂದು ತಕ್ಕಡಿ ಬೇಕೇ ಬೇಕು, 0.1 ಗ್ರಾಂವರೆಗೆ ತೋರಿಸುವಂಥದ್ದು. ಅಂಟು ಹಾಕುವ ಮೊದಲು ಒಮ್ಮೆ, ಒಣಗಿದ ಮೇಲೆ ಒಮ್ಮೆ ತೂಗಿ ಪುಸ್ತಕದಲ್ಲಿ ಬರೆದುಕೊಳ್ಳಿ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಗಟ್ಟಿ ಮಾಡುವ ಆಸೆಯಲ್ಲಿ ವಿಮಾನ ಹಾಳಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಟೇಪು, ಸ್ವಲ್ಪ ಸ್ವಲ್ಪ ರೆಸಿನ್, ಕೊನೆಗೆ 250 ಗ್ರಾಂ ಹೆಚ್ಚಾಗಿರುತ್ತದೆ, ಆದರೆ ಮುರಿಯುವ ಜಾಗ ಮಾತ್ರ ಮೊದಲಿನ ಹಾಗೇ ಬಡಕಲಾಗಿ ಇರುತ್ತದೆ. ತೂಕ 10 ಶೇಕಡಾ ಹೆಚ್ಚಾದರೆ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವುದನ್ನು ಬಿಟ್ಟು ವಿಮಾನ ಕುಸಿಯುವ ವೇಗ ಸುಮಾರು 5 ಶೇಕಡಾ ಏರುತ್ತದೆ. ಅಂದರೆ ಇಳಿಸುವಾಗಲೂ ಅಷ್ಟೇ ಜೋರಾಗಿ ಬರಬೇಕು, ನೆಲಕ್ಕೆ ಅಷ್ಟೇ ಜೋರಾಗಿ ಬಡಿಯುತ್ತದೆ, ಮತ್ತೆ ಮುರಿಯುತ್ತದೆ.

ಬಾಲದ ಕಡೆ ಹಾಕುವ ಪ್ರತಿ ಗ್ರಾಂ ಇನ್ನೂ ದುಬಾರಿ. ನನ್ನ ಮಾದರಿಯಲ್ಲಿ ಫಿನ್ (ಬಾಲದ ಮೇಲೆ ನಿಂತ ರೆಕ್ಕೆ) ಇರುವುದು ಸಿಜಿಯಿಂದ, ಅಂದರೆ ವಿಮಾನದ ತೂಕ ಸಮನಾಗಿ ನಿಲ್ಲುವ ಜಾಗದಿಂದ, 40 ಸೆಂ.ಮೀ. ಹಿಂದೆ. ಮುಂದೆ ಸೀಸ ಇಡಲು ಜಾಗ ಸಿಗುವುದು ಬ್ಯಾಟರಿ ಪಕ್ಕದಲ್ಲಿ, ಸಿಜಿಯಿಂದ 20 ಸೆಂ.ಮೀ. ಮುಂದೆ. ಫಿನ್‌ಗೆ 10 ಗ್ರಾಂ ಪುಟ್ಟಿ ಬಣ್ಣ ಹಚ್ಚಿದರೆ ಮುಂದೆ 20 ಗ್ರಾಂ ಸೀಸ ಇಡಬೇಕು. ಹತ್ತು ಗ್ರಾಂ ಅಂತ ಹಾಕಿದ್ದು ಮೂವತ್ತಾಯಿತು, ಅಲ್ವಾ? ಅದಕ್ಕೇ ಹಿಂದಿನ ಅರ್ಧಕ್ಕೆ ಏನು ಹಾಕುವುದಿದ್ದರೂ ಎರಡು ಸಲ ಯೋಚಿಸಿ.

ರೆಕ್ಕೆಯ ಸ್ಪಾರ್

ಸ್ಪಾರ್ ಅಂದರೆ ರೆಕ್ಕೆಯ ಉದ್ದಕ್ಕೆ ಓಡುವ ಬೆನ್ನೆಲುಬು. ಅದಕ್ಕೆ ಕಾರ್ಬನ್ ಫೈಬರ್ ಅಂದ ತಕ್ಷಣ ಎಲ್ಲರೂ ಮೊದಲು ತರುವುದು 6 ಮಿ.ಮೀ. ಪೈಪು. ರೆಕ್ಕೆಯ ಮಧ್ಯದಲ್ಲಿ ತೂರಿಸಿ ಅಂಟು ಸುರಿದರೆ ಆಯಿತು. ಸುಲಭ ನಿಜ. ಆದರೆ ಅದು ಕಾರ್ಬನ್‌ಗೆ ಸರಿಯಾದ ಜಾಗ ಅಲ್ಲ.

ನಮ್ಮ ಹಂಚಿನ ಮನೆಯ ಮಾಡು ನೋಡಿ. ಪಕ್ಕಾಸನ್ನು ಯಾವ ಆಚಾರಿಯೂ ಅಡ್ಡ ಮಲಗಿಸಿ ಹೊಡೆಯುವುದಿಲ್ಲ, ನಿಲ್ಲಿಸಿಯೇ ಹೊಡೆಯುತ್ತಾನೆ. ಮರ ಅದೇ, ತೂಕ ಅದೇ, ಆದರೆ ನಿಂತಾಗ ಬಾಗುವುದಿಲ್ಲ. ಬಾಗುವಿಕೆಯನ್ನು ತಡೆಯುವುದು ಎತ್ತರ. ಎತ್ತರ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟಾಗುತ್ತದೆ. 3 ಮಿ.ಮೀ. ಅಗಲ, 1 ಮಿ.ಮೀ. ದಪ್ಪದ ಕಾರ್ಬನ್ ಪಟ್ಟಿಯನ್ನು ಮಲಗಿಸಿ ಇಡುವ ಬದಲು ನಿಲ್ಲಿಸಿ ಇಟ್ಟರೆ ಅದೇ ಪಟ್ಟಿ 9 ಪಟ್ಟು ಬಿಗಿ ಕೊಡುತ್ತದೆ.

ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗಿ. ನನ್ನ ರೆಕ್ಕೆ ದಪ್ಪ ಇರುವ ಜಾಗದಲ್ಲಿ 22 ಮಿ.ಮೀ. ಇದೆ. ಅಲ್ಲಿ ಮೇಲಿನ ಶೀಟಿನಲ್ಲಿ ಒಂದು, ಕೆಳಗಿನ ಶೀಟಿನಲ್ಲಿ ಒಂದು, 3×1 ಪಟ್ಟಿಯನ್ನು ಮೇಲ್ಮೈಗೆ ಸಮವಾಗಿ ಮಲಗಿಸಿದ್ದೇನೆ. ಇಲ್ಲಿ ಮಲಗಿಸಿದರೂ ತೊಂದರೆ ಇಲ್ಲ, ಯಾಕೆಂದರೆ ಎರಡು ಪಟ್ಟಿಗಳ ನಡುವಿನ 20 ಮಿ.ಮೀ. ಅಂತರವೇ ಎತ್ತರದ ಕೆಲಸ ಮಾಡುತ್ತದೆ. ರೆಕ್ಕೆ ಮೇಲಕ್ಕೆ ಬಾಗಲು ಹೋದರೆ ಕೆಳಗಿನ ಪಟ್ಟಿ ಎಳೆತಕ್ಕೆ, ಮೇಲಿನದ್ದು ಒತ್ತಡಕ್ಕೆ ಸಿಗುತ್ತದೆ. 60 ಸೆಂ.ಮೀ. ಉದ್ದಕ್ಕೆ ಎರಡೂ ಪಟ್ಟಿ ಸೇರಿ 6 ಗ್ರಾಂ ಕೂಡ ಇಲ್ಲ. ಒಳಗೆ 4 ಮಿ.ಮೀ. ತೂತಿರುವ 6 ಮಿ.ಮೀ. ಪೈಪು ಅಷ್ಟೇ ಉದ್ದಕ್ಕೆ ಸುಮಾರು 15 ಗ್ರಾಂ ತೂಗುತ್ತದೆ. ಲೆಕ್ಕ ಹಾಕಿ ನೋಡಿದರೆ ಆ ಪೈಪಿಗಿಂತ ಈ ಎರಡು ಪಟ್ಟಿಗಳ ಬಿಗಿ ಹತ್ತು ಪಟ್ಟಿಗೂ ಜಾಸ್ತಿ. ನನಗೆ ಮೊದಲ ಸಲ ಈ ಲೆಕ್ಕ ಬಂದಾಗ ನಂಬಲಾಗದೆ ಮತ್ತೆ ಮಾಡಿ ನೋಡಿದ್ದೆ.

ಒಂದು ಷರತ್ತು ಇದೆ. ಎರಡು ಪಟ್ಟಿಗಳ ನಡುವೆ ಗೋಡೆಯ ಹಾಗೆ ಏನಾದರೂ ನಿಂತಿರಬೇಕು. ಇಲ್ಲದಿದ್ದರೆ ಮೇಲಿನದ್ದು ಅದರ ಪಾಡಿಗೆ, ಕೆಳಗಿನದ್ದು ಅದರ ಪಾಡಿಗೆ ಜಾರುತ್ತವೆ, ಲೆಕ್ಕವೆಲ್ಲ ಸುಳ್ಳಾಗುತ್ತದೆ. ನಾನು 5 ಮಿ.ಮೀ. ಫೋಮ್‌ನ ಗೋಡೆ ನಿಲ್ಲಿಸಿ, ಮೈಗೆ ಹತ್ತಿರದ 12 ಸೆಂ.ಮೀ.ನಲ್ಲಿ ಮಾತ್ರ ಅದರ ಒಂದು ಬದಿಗೆ 1.5 ಮಿ.ಮೀ. ಬಾಲ್ಸಾ ಅಂಟಿಸಿದ್ದೇನೆ. ಬಾಲ್ಸಾದ ಎಳೆ ಮೇಲಿಂದ ಕೆಳಗೆ ಇರಬೇಕು, ಉದ್ದಕ್ಕಲ್ಲ. ಪಟ್ಟಿಗಳು ಒಂದು ರೆಕ್ಕೆಯಿಂದ ಇನ್ನೊಂದಕ್ಕೆ ಮೈಯ ಮೂಲಕ ತುಂಡಾಗದೆ ಹಾದುಹೋಗಲಿ. ಮಧ್ಯದಲ್ಲಿ ಕತ್ತರಿಸಿ ಜೋಡಿಸಿದರೆ ಅತಿ ಹೆಚ್ಚು ಭಾರ ಬೀಳುವ ಜಾಗದಲ್ಲೇ ಕೀಲು ಇಟ್ಟ ಹಾಗೆ.

ಪಟ್ಟಿ ಕೂರಿಸುವ ರೀತಿ ಹೀಗೆ. ಸ್ಟೀಲ್ ಸ್ಕೇಲ್ ಇಟ್ಟು ಹೊಸ ಬ್ಲೇಡಿನಲ್ಲಿ ಎರಡು ಗೆರೆ ಕೊಯ್ಯಿರಿ, 1 ಮಿ.ಮೀ. ಆಳ ಸಾಕು. ನಡುವಿನ ಫೋಮನ್ನು ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿ. ಕಾರ್ಬನ್ ಪಟ್ಟಿಯ ಹೊಳಪು ಹೋಗುವ ತನಕ 220 ನಂಬರ್ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಹೊಳೆಯುವ ಕಾರ್ಬನ್‌ಗೆ ಅಂಟು ಹಿಡಿಯುವುದಿಲ್ಲ, ಎಳೆದರೆ ಉಗುರಿನ ಹಾಗೆ ಕಳಚಿ ಬರುತ್ತದೆ. ಆಮೇಲೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ, ಅಂದರೆ ಸಾಮಾನ್ಯ ಅರಾಲ್ಡೈಟ್. ಐದು ನಿಮಿಷದ್ದು ಬೇಡ. ಸ್ಪಾರ್ ಅರ್ಧ ಕೂರಿಸುವಷ್ಟರಲ್ಲಿ ಅದು ನೂಲು ನೂಲಾಗಿ ಎಳೆಯಲು ಶುರುವಾಗುತ್ತದೆ. ಅಂಟು ಸವರಲು ಹಿಡಿಸೂಡಿ ಕಡ್ಡಿಗಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ. ತುದಿ ಓರೆಯಾಗಿ ಕತ್ತರಿಸಿಕೊಂಡರೆ 3 ಮಿ.ಮೀ. ಕೊರಕಲಿಗೆ ಸರಿಯಾಗಿ ಇಳಿಯುತ್ತದೆ. ಮೇಲೆ ಮಾಸ್ಕಿಂಗ್ ಟೇಪ್ ಹಾಕಿ, ರೆಕ್ಕೆಯನ್ನು ಸಮತಟ್ಟಾದ ಹಲಗೆ ಮೇಲಿಟ್ಟು, ಪುಸ್ತಕಗಳ ಭಾರ ಹೇರಿ ರಾತ್ರಿಯಿಡೀ ಬಿಡಿ. ಈ ಹೊತ್ತಿನಲ್ಲಿ ರೆಕ್ಕೆ ತಿರುಚಿಕೊಂಡರೆ ಆ ತಿರುಚು ಶಾಶ್ವತ.

ಕಾರ್ಬನ್ ಕತ್ತರಿಸುವಾಗ ನೀರು ಹಾಕಿಕೊಂಡು ಕತ್ತರಿಸಿ, ಮೂಗಿಗೆ ಒಳ್ಳೆಯ ಮಾಸ್ಕ್ ಹಾಕಿ. ಆ ಕಪ್ಪು ಧೂಳು ಶ್ವಾಸಕೋಶಕ್ಕೆ ಹೋಗಬಾರದು. ವಿದ್ಯುತ್ತನ್ನೂ ಅದು ಹರಿಯಬಿಡುತ್ತದೆ, ಹಾಗಾಗಿ ಸರ್ಕ್ಯೂಟ್ ಹತ್ತಿರ ಅದರ ಪುಡಿ ಬೀಳಬಾರದು. ಇನ್ನೊಂದು ಮಾತು: 2.4 ಗಿಗಾಹರ್ಟ್ಸ್ ಸಿಗ್ನಲ್ಲನ್ನು ಕಾರ್ಬನ್ ತಡೆಯುತ್ತದೆ. ರಿಸೀವರ್‌ನ ಎರಡು ಆಂಟೆನಾ ತುದಿಗಳು ಸ್ಪಾರ್‌ನಿಂದ ದೂರ ಇರಲಿ, ಒಂದಕ್ಕೊಂದು ಲಂಬವಾಗಿ ಇರಲಿ.

ತಿರುಚು ಮತ್ತು ಎಲೆವಾನ್

ಜೆಟ್ ಮಾದರಿಗಳು ಗಾಳಿಯಲ್ಲಿ ಮುರಿಯುವುದು ಬಾಗಿದ್ದಕ್ಕಿಂತ ಜಾಸ್ತಿ ತಿರುಚಿದ್ದಕ್ಕೆ. ನನ್ನ ಹಿಂದಿನ ಒಂದು ಮಾದರಿ ಹೀಗೇ ಹೋಯಿತು. ಬ್ರಹ್ಮಾವರದ ಕಡೆ ಒಂದು ಬೈಲಿನಲ್ಲಿ ಹಾರಿಸುತ್ತಿದ್ದೆ, ಜನವರಿ ತಿಂಗಳು, ಗದ್ದೆ ಒಣಗಿತ್ತು. ಎತ್ತರದಿಂದ ಫುಲ್ ಥ್ರಾಟಲ್‌ನಲ್ಲಿ ಕೆಳಗೆ ತಂದಾಗ ಫ್ಯಾನಿನ ಶಬ್ದದ ಮೇಲೆ ಇನ್ನೊಂದು ಶಬ್ದ ಕೇಳಿತು, ಗಾಳಿಗೆ ಸಿಕ್ಕ ತಗಡಿನ ಹಾಗೆ ಬರ್ರ್ ಅಂತ. ಒಂದು ಸೆಕೆಂಡ್ ಇರಬಹುದು. ಎಡಗಡೆಯ ಎಲೆವಾನ್ (ವಿಮಾನ ತಿರುಗಿಸಲು, ಏರಿಸಿ ಇಳಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಹಲಗೆ) ಹಿಂಜಿನಿಂದ ಸೀಳಿ ಹಾರಿತು, ವಿಮಾನ ಅಲ್ಲೇ ಸುತ್ತಿ ಗದ್ದೆಗೆ ಬಿತ್ತು. ಅದು ಫ್ಲಟರ್, ಅಂದರೆ ಗಾಳಿಯ ವೇಗಕ್ಕೆ ಎಲೆವಾನ್ ತಾನಾಗಿಯೇ ಪಟಪಟ ಬಡಿದುಕೊಳ್ಳುವುದು. ಎಲೆವಾನ್ ಆಡಿಸುವ ಸಣ್ಣ ಮೋಟರು, ಸರ್ವೋ, ಸರಿ ಇತ್ತು, ಸಿಗ್ನಲ್ ಸರಿ ಇತ್ತು. ಎಲೆವಾನ್ ಮೆತ್ತಗಿತ್ತು, ಸರ್ವೋದ ಕಡ್ಡಿ ಎಲೆವಾನ್‌ಗೆ ಸಿಕ್ಕಿಸುವ ಹಾರ್ನ್‌ನ ತೂತು ಅಗಲವಾಗಿತ್ತು, ಅಷ್ಟೇ.

ಆವತ್ತಿನಿಂದ ಎಲೆವಾನ್ ಮೇಲೆ ನಾನು ಖರ್ಚು ಮಾಡುವ ಸಮಯ ಇಡೀ ಮೈಗೆ ಮಾಡುವ ಸಮಯದಷ್ಟೇ ಇರುತ್ತದೆ.

ತಿರುಚನ್ನು ತಡೆಯಲು ಸ್ಪಾರ್ ಹೆಚ್ಚು ಸಹಾಯ ಮಾಡುವುದಿಲ್ಲ. ತಡೆಯುವುದು ಮೇಲಿನ ಚರ್ಮ. ಅದರಲ್ಲೂ ಚರ್ಮದ ಎಳೆ ಓಡುವ ದಿಕ್ಕು. ಒಂದು ಬೈರಾಸು (ಟವೆಲ್) ತೆಗೆದುಕೊಂಡು ನೂಲಿನ ನೇರಕ್ಕೆ ಎಳೆಯಿರಿ, ಜಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆಯಿರಿ, ರಬ್ಬರಿನ ಹಾಗೆ ಬರುತ್ತದೆ. ರೆಕ್ಕೆ ತಿರುಚಿದಾಗ ಅದರ ಮೇಲ್ಮೈ ಜಗ್ಗುವುದು ಇದೇ ಓರೆ ದಿಕ್ಕಿನಲ್ಲಿ. ಹಾಗಾಗಿ ಫೈಬರ್‌ಗ್ಲಾಸ್ ಬಟ್ಟೆಯ ನೂಲುಗಳು ರೆಕ್ಕೆಯ ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಬರುವಂತೆ ಕತ್ತರಿಸಿ ಹಾಕಬೇಕು. ಬಟ್ಟೆ ಸ್ವಲ್ಪ ವೇಸ್ಟ್ ಆಗುತ್ತದೆ, ಆಗಲಿ. ಬಾಗುವುದಕ್ಕೆ ಕಾರ್ಬನ್ ಇದೆ, ತಿರುಚುವುದಕ್ಕೆ ಓರೆ ಬಟ್ಟೆ.

ಎಲೆವಾನ್‌ನ ಮುಂದಿನ ಅಂಚಿಗೆ ಒಂದು 3×1 ಪಟ್ಟಿಯನ್ನು ನಿಲ್ಲಿಸಿ ಅಂಟಿಸಿ. ಅದರ ಎದುರಿಗೆ ರೆಕ್ಕೆಯ ಹಿಂದಿನ ಅಂಚಿಗೂ ಒಂದು. ಹಿಂಜ್‌ಗೆ ಟೇಪು ಸಾಕು, ಆದರೆ ಮೇಲೆ ಒಂದೇ ಪದರ ಅಲ್ಲ. ಎಲೆವಾನನ್ನು ಪೂರ್ತಿ ಮೇಲಕ್ಕೆ ಮಡಚಿ ಕೆಳಗಿನಿಂದಲೂ ಒಂದು ಪದರ ಹಾಕಿ, ಎರಡೂ ಟೇಪು ಸಂದಿಯಲ್ಲಿ ಒಂದಕ್ಕೊಂದು ಅಂಟುವಂತೆ. ಗಾಳಿ ನುಗ್ಗುವ ಸಂದಿಯೂ ಹೀಗೇ ಮುಚ್ಚಿಹೋಗುತ್ತದೆ. ಹಾರ್ನ್‌ಗೆ ನಾನು ಹಳೆಯ ಸರ್ಕ್ಯೂಟ್ ಬೋರ್ಡ್ ಕತ್ತರಿಸಿ ಬಳಸುತ್ತೇನೆ. ಗ್ಲಾಸ್ ಎಪಾಕ್ಸಿ ಹಲಗೆ ಅದು, ಬಾಗುವುದಿಲ್ಲ. ಅದನ್ನು ಎಲೆವಾನ್‌ನ ಆರ್‌ಪಾರ್ ಇಳಿಸಿ, ಎರಡೂ ಬದಿಗೆ ಒಂದೊಂದು ನಾಣ್ಯದಷ್ಟು ಅಗಲದ ತೆಳು ಪ್ಲೈವುಡ್ ಚೂರು ಅಂಟಿಸಿ. ಸರ್ವೋ ತೋಳಿನಲ್ಲಿ ಒಳಗಿನ ತೂತು, ಹಾರ್ನ್‌ನಲ್ಲಿ ಹೊರಗಿನ ತೂತು. ಹೀಗೆ ಮಾಡಿದರೆ ಚಲನೆ ಕಡಿಮೆಯಾಗುತ್ತದೆ ನಿಜ, ಆದರೆ ಸಡಿಲವೂ ಕಡಿಮೆಯಾಗುತ್ತದೆ. ಜೆಟ್‌ಗೆ ಅಷ್ಟು ಚಲನೆ ಸಾಕು. ಪರೀಕ್ಷೆ ಸುಲಭ: ಸರ್ವೋಗೆ ಕರೆಂಟ್ ಕೊಟ್ಟು ಎಲೆವಾನ್‌ನ ಹಿಂದಿನ ಅಂಚನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. 1 ಮಿ.ಮೀ.ಗಿಂತ ಜಾಸ್ತಿ ಆಡಿದರೆ ಹಾರಿಸಬೇಡಿ.

ರೆಸಿನ್ ಕೆಲಸ

ಮಲ್ಪೆ ಕಡೆ ಫೈಬರ್ ದೋಣಿ ಮಾಡುವುದನ್ನು ನೋಡಿದವರು ಇದನ್ನೂ ಹಾಗೇ ಅಂದುಕೊಳ್ಳುತ್ತಾರೆ. ಎರಡೂ ಫೈಬರ್‌ಗ್ಲಾಸೇ, ಆದರೆ ಸಾಮಾನು ಪೂರ್ತಿ ಬೇರೆ. ದೋಣಿಗೆ ಹಾಕುವ ಮ್ಯಾಟು ಚದರ ಮೀಟರ್‌ಗೆ 300, 450 ಗ್ರಾಂ ತೂಗುತ್ತದೆ. ನಮಗೆ ಬೇಕಾದದ್ದು 25 ಗ್ರಾಂನ ಬಟ್ಟೆ, ಹೆಚ್ಚೆಂದರೆ 49. ದೋಣಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್, ಅದರಲ್ಲಿ ಸ್ಟೈರೀನ್ ಇರುತ್ತದೆ, ಅದು ಎಕ್ಸ್‌ಪಿಎಸ್ ಆಗಲಿ ಥರ್ಮೋಕೋಲ್ ಆಗಲಿ ಎರಡನ್ನೂ ಕರಗಿಸಿಬಿಡುತ್ತದೆ. ನನಗೆ ಒಮ್ಮೆ ಅಂಗಡಿಯಲ್ಲಿ ಎಪಾಕ್ಸಿ ಅಂತ ಹೇಳಿ ಕೊಟ್ಟದ್ದು ಪಾಲಿಯೆಸ್ಟರ್ ಆಗಿತ್ತು. ಫೋಮ್ ಚೂರಿನ ಮೇಲೆ ಒಂದು ಹನಿ ಹಾಕಿ ನೋಡಿದ್ದರಿಂದ ರೆಕ್ಕೆ ಉಳಿಯಿತು, ಹನಿ ಬಿದ್ದ ಜಾಗದಲ್ಲಿ ಸಕ್ಕರೆ ಕರಗಿದ ಹಾಗೆ ಗುಂಡಿ ಬಿದ್ದಿತ್ತು. ಯಾವುದೇ ಹೊಸ ಅಂಟು, ರೆಸಿನ್, ಬಣ್ಣ ತಂದರೂ ಮೊದಲು ವೇಸ್ಟ್ ಚೂರಿನ ಮೇಲೆ ಹಾಕಿ ಒಂದು ಗಂಟೆ ಬಿಡಿ. ಫೆವಿಕ್ವಿಕ್ ಕೂಡ ಈ ಫೋಮನ್ನು ತಿನ್ನುತ್ತದೆ. ರೆಡಿಮೇಡ್ ಜೆಟ್‌ಗಳ ಇಪಿಒ ಫೋಮ್ ಆದರೆ ಫೆವಿಕ್ವಿಕ್ ತಡೆದುಕೊಳ್ಳುತ್ತದೆ, ಎಕ್ಸ್‌ಪಿಎಸ್ ಇಲ್ಲ.

ನಮ್ಮ ದೇಶದಲ್ಲಿ ಸುಲಭವಾಗಿ ಸಿಗುವುದು ಎಲ್‌ವೈ 556 ರೆಸಿನ್, ಎಚ್‌ವೈ 951 ಹಾರ್ಡ್‌ನರ್. 100 ಗ್ರಾಂ ರೆಸಿನ್‌ಗೆ 10 ಗ್ರಾಂ ಹಾರ್ಡ್‌ನರ್, ತೂಕದ ಲೆಕ್ಕ, ಚಮಚದ ಲೆಕ್ಕ ಅಲ್ಲ. 5 ಗ್ರಾಂನಂಥ ಸಣ್ಣ ಪ್ರಮಾಣ ಕಲೆಸಬೇಡಿ, ಅಲ್ಲಿ 0.2 ಗ್ರಾಂ ತಪ್ಪಿದರೂ ಅಂಟು ಅಂಟಾಗಿ ಉಳಿಯುತ್ತದೆ. ನಾನು ಒಂದು ಸಲಕ್ಕೆ 20 ಗ್ರಾಂ ರೆಸಿನ್, 2 ಗ್ರಾಂ ಹಾರ್ಡ್‌ನರ್ ತೆಗೆದುಕೊಳ್ಳುತ್ತೇನೆ. ಮೂರು ನಿಮಿಷ ಕಲೆಸಿ, ಲೋಟದ ಬದಿಯನ್ನೂ ತಳವನ್ನೂ ಕೆರೆದು ಕಲೆಸಿ. ಆಮೇಲೆ ಲೋಟದಲ್ಲಿ ಇಡಬೇಡಿ, ಅಗಲ ತಟ್ಟೆಗೆ ಸುರಿಯಿರಿ. ಲೋಟದಲ್ಲಿ ಗುಂಪಾಗಿದ್ದರೆ ಅದರ ಬಿಸಿ ಅದಕ್ಕೇ ತಾಗಿ ಬೇಗ ಗಟ್ಟಿಯಾಗುತ್ತದೆ, ಏಪ್ರಿಲ್ ಸೆಕೆಯಲ್ಲಂತೂ ಇನ್ನೂ ಬೇಗ. ಗ್ಲೌಸ್ ಹಾಕದೆ ಮುಟ್ಟಬೇಡಿ. ಇವತ್ತು ಏನೂ ಆಗದಿರಬಹುದು, ಆದರೆ ಎಪಾಕ್ಸಿ ಅಲರ್ಜಿ ಒಮ್ಮೆ ಶುರುವಾದರೆ ಮತ್ತೆ ಬಿಡುವುದಿಲ್ಲ. ಕೈಗೆ ತಾಗಿದರೆ ಸೋಪು ನೀರು ಮಾತ್ರ, ತಿನ್ನರ್ ಹಾಕಿ ಒರೆಸಿದರೆ ಚರ್ಮದ ಒಳಗೆ ಇನ್ನೂ ಬೇಗ ಇಳಿಯುತ್ತದೆ.

ನನ್ನ ಮಾದರಿಯ ಇಡೀ ಮೇಲ್ಮೈ ಸುಮಾರು 0.9 ಚದರ ಮೀಟರ್. 25 ಗ್ರಾಂ ಬಟ್ಟೆ ಹಾಕಿದರೆ ಬಟ್ಟೆ 22 ಗ್ರಾಂ, ರೆಸಿನ್ ಅದರಷ್ಟೇ ಅಥವಾ ಸ್ವಲ್ಪ ಜಾಸ್ತಿ, ಒಟ್ಟು 50 ಗ್ರಾಂ. 49 ಗ್ರಾಂ ಬಟ್ಟೆಯಾದರೆ ನೂರರ ಹತ್ತಿರ ಹೋಗುತ್ತದೆ. ನಾನು ಎಲ್ಲ ಕಡೆ 25, ಹೊಟ್ಟೆಯ ಅಡಿಗೆ ಮಾತ್ರ 5 ಸೆಂ.ಮೀ. ಅಗಲದ 49ರ ಪಟ್ಟಿ ಎರಡು ಪದರ ಹಾಕಿದ್ದೇನೆ. ನಮ್ಮ ಕಡೆಯ ಮುರಕಲ್ಲು ಮೈದಾನದಲ್ಲಿ ಹೊಟ್ಟೆ ಮೇಲೆ ಇಳಿಸಿದರೆ ನೆಲವೇ ಸ್ಯಾಂಡ್ ಪೇಪರ್ ಆಗುತ್ತದೆ, ಬರೀ ಫೋಮ್ ಆದರೆ ನಾಲ್ಕು ಸಲ ಇಳಿಯುವಷ್ಟರಲ್ಲಿ ಸವೆದು ತೂತು.

ಹಾಕುವ ಕ್ರಮ: ಫೋಮನ್ನು 320ರಲ್ಲಿ ಹಗುರವಾಗಿ ಉಜ್ಜಿ, ಧೂಳು ತೆಗೆದು, ಒಣ ಬಟ್ಟೆಯನ್ನು ಮೇಲೆ ಹಾಸಿ. ಮೆತ್ತನೆ ಬ್ರಷ್‌ನಲ್ಲಿ ಸುಕ್ಕು ಬಿಡಿಸಿ. ರೆಸಿನ್ ಮಧ್ಯದಲ್ಲಿ ಸುರಿದು ಹಳೆಯ ಎಟಿಎಂ ಕಾರ್ಡಿನಿಂದ ಅಂಚಿನ ಕಡೆಗೆ ತಳ್ಳುತ್ತ ಹೋಗಿ. ಬಿಳಿ ಬಟ್ಟೆ ಪಾರದರ್ಶಕ ಆಗುತ್ತ ಬರುವುದು ಕಾಣುತ್ತದೆ. ಪೂರ್ತಿ ನೆನೆದ ಮೇಲೆ, ಇದು ಮುಖ್ಯ, ಟಾಯ್ಲೆಟ್ ಪೇಪರಿನ ರೋಲನ್ನು ಮೇಲೆ ಉರುಳಿಸಿ ಬಿಚ್ಚುತ್ತ ಹೋಗಿ, ಹೆಚ್ಚಾದ ರೆಸಿನ್ ಎಲ್ಲ ಅದು ಹೀರಿಕೊಳ್ಳುತ್ತದೆ. ಆ ಪೇಪರನ್ನು ಎಬ್ಬಿಸಿ ಬಿಸಾಡಿ, ಮತ್ತೊಮ್ಮೆ ಉರುಳಿಸಿ. ಕೊನೆಗೆ ಮೇಲ್ಮೈ ಹೊಳೆಯಬಾರದು. ಬಟ್ಟೆಯ ನೇಯ್ಗೆ ಕಾಣಬೇಕು, ಮಂಕಾಗಿ ಇರಬೇಕು. ಹೊಳೆಯುತ್ತಿದೆ ಅಂದರೆ ಅಲ್ಲಿ ಇರುವುದು ಬಲ ಅಲ್ಲ, ಸುಮ್ನೆ ತೂಕ. ಅಂಚಿನಲ್ಲಿ 2 ಸೆಂ.ಮೀ. ಬಟ್ಟೆ ನೇತಾಡಲಿ, ಗಟ್ಟಿಯಾದ ಮೇಲೆ ಸ್ಯಾಂಡ್ ಪೇಪರಿನ ಒಂದೇ ಎಳೆತಕ್ಕೆ ಚಾಕುವಿನಲ್ಲಿ ಕೊಯ್ದ ಹಾಗೆ ಬೀಳುತ್ತದೆ.

ಈಗ ಮಳೆಗಾಲದ ಸಮಸ್ಯೆ. ಆಟಿಯಲ್ಲಿ ಗಾಳಿಯೇ ಒದ್ದೆ. ಅಮೈನ್ ಹಾರ್ಡ್‌ನರ್ ಇರುವ ಎಪಾಕ್ಸಿ ಗಟ್ಟಿಯಾಗುವಾಗ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಒಂದು ಮೇಣದಂಥ ಪದರ ಕಟ್ಟುತ್ತದೆ. ಬೆರಳಿಟ್ಟರೆ ಜಿಡ್ಡು ಜಿಡ್ಡು. ಒಂದು ಫಿನ್ ಮೇಲೆ ಇದು ಬಂದಿದ್ದು ಗೊತ್ತಾಗದೆ ನಾನು ಹಾಗೇ ಪ್ರೈಮರ್ ಹೊಡೆದಿದ್ದೆ, ಒಂದು ವಾರದ ಮೇಲೆ ಗೆರೆ ಎಳೆಯಲು ಹಾಕಿದ ಮಾಸ್ಕಿಂಗ್ ಟೇಪ್ ತೆಗೆದಾಗ ಬಣ್ಣ ಅಂಗೈಯಗಲ ಹಾಳೆಯಾಗಿ ಟೇಪಿನ ಜೊತೆಗೇ ಎದ್ದು ಬಂತು. ಅಡಿಯಲ್ಲಿ ರೆಸಿನ್ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಈ ಪದರ ನೀರಿನಲ್ಲಿ ಕರಗುತ್ತದೆ. ಹಾಗಾಗಿ ಉಜ್ಜುವ ಮೊದಲು ಬಿಸಿ ನೀರು, ಸ್ವಲ್ಪ ಸೋಪು, ಪಾತ್ರೆ ತಿಕ್ಕುವ ಸ್ಕ್ರಬರ್ ಹಾಕಿ ತೊಳೆಯಿರಿ. ಮೊದಲು ಉಜ್ಜಿದರೆ ಆ ಜಿಡ್ಡು ಗೀರುಗಳ ಒಳಗೆ ಸೇರಿಕೊಳ್ಳುತ್ತದೆ. ರೆಸಿನ್ ಕೆಲಸ ಮಾಡುವ ದಿನ ಕೋಣೆಯ ಕಿಟಕಿ ಹಾಕಿ ಹಿಂದಿನ ರಾತ್ರಿಯಿಂದಲೇ ಒಂದು ಹಳೆಯ 100 ವ್ಯಾಟ್ ಬಲ್ಬು ಉರಿಸಿಟ್ಟರೆ ತುಂಬ ವ್ಯತ್ಯಾಸ ಕಾಣುತ್ತದೆ. ರೆಸಿನ್ ಕಲೆಸುವಾಗ ಮಾತ್ರ ಗಾಳಿ ಆಡುವಂತೆ ಬಾಗಿಲು ತೆರೆದಿಡಿ.

ರೆಸಿನ್ ಬೇಡ ಅನಿಸಿದರೆ ನೀರಿನಲ್ಲಿ ಕರಗುವ ಪಾಲಿಯುರೆಥೇನ್ ವಾರ್ನಿಶ್‌ನಲ್ಲೂ ಇದೇ ಬಟ್ಟೆ ಅಂಟಿಸಬಹುದು. ವಾಸನೆ ಇಲ್ಲ, ಅಗ್ಗ, ಆದರೆ ಎಪಾಕ್ಸಿಯ ಬಿಗಿ ಬರುವುದಿಲ್ಲ. ಮೂಗು, ಕಾಕ್‌ಪಿಟ್ ಮುಚ್ಚಳದಂಥ ಜಾಗಕ್ಕೆ ಇದು ಸಾಕು.

ಮೈಯ ಒಳಗೆ

ಗಟ್ಟಿಯಾಗಿ ಇಳಿದಾಗ ವಿಮಾನದ ಮೂಗನ್ನು ಒಡೆಯುವುದು ನೆಲ ಅಲ್ಲ, ಬ್ಯಾಟರಿ. 240 ಗ್ರಾಂನ ಬ್ಯಾಟರಿ ಸುತ್ತಿಗೆಯ ಹಾಗೆ ಮುಂದಕ್ಕೆ ನುಗ್ಗುತ್ತದೆ. ತಟ್ಟೆ 2 ಮಿ.ಮೀ. ಪ್ಲೈವುಡ್‌ದಾಗಿರಲಿ, ವೆಲ್ಕ್ರೋ ಜೊತೆ ಪಟ್ಟಿಯೂ ಇರಲಿ, ಎದುರಿಗೆ ಒಂದು ಪ್ಲೈ ಗೋಡೆ ಇರಲಿ, ತಟ್ಟೆಯ ಹಿಂದಿನ ತುದಿ ಸ್ಪಾರ್ ಗೋಡೆಗೆ ಸೇರಿರಲಿ. ಫ್ಯಾನ್ ಕೂರುವ ಚೌಕಟ್ಟೂ ಹಾಗೇ, ಅದರ ತಳ್ಳು ಫೋಮ್‌ಗೆ ಹೋಗದೆ ಸ್ಪಾರ್‌ಗೆ ಹೋಗುವ ದಾರಿ ಬೇಕು.

ಫ್ಯಾನಿಗೆ ಗಾಳಿ ಹಾಯುವ ಕೊಳವೆಯ, ಅಂದರೆ ಡಕ್ಟ್‌ನ, ಒಳಗೆ ಯಾವ ಟೇಪಿನ ತುದಿಯೂ ಎದ್ದಿರಬಾರದು. 64 ಮಿ.ಮೀ. ಫ್ಯಾನು ನಿಮಿಷಕ್ಕೆ 40,000 ಸುತ್ತು ದಾಟಿ ತಿರುಗುತ್ತದೆ, ಒಂದು ಚೂರು ಟೇಪು ಒಳಗೆ ಎಳೆದುಕೊಂಡರೆ ಬ್ಲೇಡು ಚೂರಾಗಿ ಮೈಯ ಹೊರಗೆ ಬರುತ್ತದೆ. ಉಜ್ಜುವ ಕೆಲಸ ಮುಗಿದ ಮೇಲೆ ಡಕ್ಟನ್ನು ವ್ಯಾಕ್ಯೂಮ್ ಮಾಡಿ. ಗಾಳಿ ಒಳಗೆ ಹೋಗುವ ಬಾಯಿಯ ಅಂಚನ್ನು ದುಂಡಗೆ ಮಾಡಿ, ಚೂಪಾಗಿದ್ದರೆ ಹೊರಡುವಾಗ ಫ್ಯಾನಿಗೆ ಗಾಳಿ ಸಾಲದೆ ತಳ್ಳುವ ಬಲ ಕಡಿಮೆಯಾಗುತ್ತದೆ. ಮಲ್ಪೆ, ಪಣಂಬೂರಿನ ಮರಳಲ್ಲಿ ನಾನು ಇಡಿಎಫ್ ಹಾರಿಸುವುದಿಲ್ಲ. ಮರಳು ಬ್ಲೇಡನ್ನು ತಿನ್ನುತ್ತದೆ, ಉಪ್ಪು ಗಾಳಿ ಬೇರಿಂಗನ್ನು ತಿನ್ನುತ್ತದೆ.

ನಯ ಮತ್ತು ಬಣ್ಣ

ನೇಯ್ಗೆ ಮುಚ್ಚಲು ಗೋಡೆ ಪುಟ್ಟಿ ಬೇಡ, ತುಂಬ ಭಾರ. ನೀರಿನ ವಾರ್ನಿಶ್‌ಗೆ ಟಾಲ್ಕಮ್ ಪೌಡರ್ ಕಲೆಸಿ ದೋಸೆ ಹಿಟ್ಟಿಗಿಂತ ತೆಳ್ಳಗೆ ಮಾಡಿ ಬ್ರಷ್‌ನಲ್ಲಿ ಹೊಡೆಯಿರಿ. ಒಣಗಿದ ಮೇಲೆ ಅದರಲ್ಲಿ ಮುಕ್ಕಾಲು ಪಾಲು ಉಜ್ಜಿ ತೆಗೆಯಬೇಕು, ಉಳಿಯಬೇಕಾದದ್ದು ನೇಯ್ಗೆಯ ಗುಂಡಿಗಳಲ್ಲಿ ಮಾತ್ರ. 320ರಿಂದ ಶುರು ಮಾಡಿ 400, ಆಮೇಲೆ 600ರ ವಾಟರ್ ಪೇಪರ್ ನೀರು ಹಾಕಿ. ಪೇಪರನ್ನು ಬೆರಳಲ್ಲಿ ಹಿಡಿದು ಉಜ್ಜಬೇಡಿ, ಬೆರಳಿನ ಗುರುತು ಕೊರಕಲಾಗಿ ಬೀಳುತ್ತದೆ. ಫೋಮ್ ತುಂಡಿಗೆ ಸುತ್ತಿ ಹಿಡಿಯಿರಿ. ಪ್ರೈಮರ್ ಒಂದು ತೆಳು ಕೋಟು ಹೊಡೆದು, ಟಾರ್ಚನ್ನು ಮೇಲ್ಮೈಗೆ ತಾಗಿಸಿದ ಹಾಗೆ ಪಕ್ಕದಿಂದ ಹಿಡಿದು ನೋಡಿ. ಹಗಲು ಬೆಳಕಲ್ಲಿ ಕಾಣದ ಗುಂಡಿಗಳೆಲ್ಲ ನೆರಳು ಬಿಟ್ಟು ಕಾಣುತ್ತವೆ. ಎಲ್ಲವನ್ನೂ ಮುಚ್ಚುವ ಹಟ ಬೇಡ. 10 ಮೀಟರ್ ದೂರದಿಂದ ಕಾಣದ ಗುಂಡಿಗೆ ತೂಕ ಸುರಿಯಬೇಕಾಗಿಲ್ಲ.

ಬಣ್ಣ ನೀರಿನ ಅಕ್ರಿಲಿಕ್ ಆಗಿರಲಿ. ಸ್ಪ್ರೇ ಡಬ್ಬದ ಬಣ್ಣ, ಎನ್‌ಸಿ ತಿನ್ನರ್ ಎರಡೂ ರೆಸಿನ್ ಪದರದಲ್ಲಿ ಒಂದು ಸೂಜಿ ತೂತು ಇದ್ದರೆ ಸಾಕು, ಒಳಗಿಳಿದು ಫೋಮನ್ನು ಕರಗಿಸುತ್ತವೆ, ಮೇಲೆ ಏನೂ ಕಾಣದೆ ಒಳಗೆ ಟೊಳ್ಳಾಗಿರುತ್ತದೆ. ಸ್ಪಾಂಜ್ ರೋಲರ್ ಅಥವಾ ಏರ್‌ಬ್ರಷ್‌ನಲ್ಲಿ ಎರಡು ತೆಳು ಕೋಟು. ನನ್ನದಕ್ಕೆ ಪ್ರೈಮರ್ ಸೇರಿ 35 ಗ್ರಾಂ ಹಿಡಿಯಿತು. ಟೇಪನ್ನು ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ, ಅದರ ಮೇಲೇ ಹಿಂದಕ್ಕೆ ಮಡಚಿದ ಹಾಗೆ ನಿಧಾನ ಎಳೆದು ತೆಗೆಯಿರಿ.

ತೇಜಸ್‌ನ ಬೂದು ಬಣ್ಣ ನನಗೂ ಇಷ್ಟ. ನಿಜವಾದ ತೇಜಸ್‌ನ ಮೇಲ್ಮೈ ಬಹುಪಾಲು ಕಾಂಪೊಸಿಟ್‌ನದ್ದೇ, ನಾವು ಫೋಮ್ ಮೇಲೆ ಮಾಡುವುದು ಅದೇ ಜಾತಿಯ ಕೆಲಸ ಅನ್ನುವುದು ನನಗೆ ಈಗಲೂ ಖುಷಿ ಕೊಡುತ್ತದೆ. ಆದರೆ ಯುದ್ಧ ವಿಮಾನಕ್ಕೆ ಬೂದು ಹಚ್ಚುವುದೇ ಕಾಣಬಾರದು ಅಂತ. ಕರಾವಳಿಯ ಮಬ್ಬು ಆಕಾಶದಲ್ಲಿ 150 ಮೀಟರ್ ಹೋದರೆ ಮೇಲಾ ಕೆಳಗಾ ಗೊತ್ತಾಗುವುದಿಲ್ಲ. ಡೆಲ್ಟಾ ರೆಕ್ಕೆಯಲ್ಲಂತೂ ಇನ್ನೂ ಕಷ್ಟ. ಮೇಲೆ ಬೂದು ಇಟ್ಟು, ಕೆಳಗೆ ರೆಕ್ಕೆಯ ತುದಿಗಳಿಗೆ ಅಗಲವಾದ ಕೆಂಪು ಪಟ್ಟೆ ಕೊಟ್ಟಿದ್ದೇನೆ. ಮೊದಲ ಜೆಟ್ ಆದರೆ ಬೀದರ್‌ನ ಸೂರ್ಯಕಿರಣ್ ತಂಡದ ಹಾಕ್ ವಿಮಾನಗಳ ಹಾಗೆ ಕೆಂಪು ಬಿಳಿ ಹಾಕಿ, ಕಣ್ಣಿಗೆ ಹಬ್ಬ, ಕಳೆದುಹೋಗುವುದೂ ಇಲ್ಲ. ದೊಡ್ಡ ಕಪ್ಪು ಭಾಗ ಮಾತ್ರ ಬೇಡ. ಮಾರ್ಚ್ ಬಿಸಿಲಲ್ಲಿ ಅರ್ಧ ಗಂಟೆ ಇಟ್ಟರೆ ಅಡಿಯ ಫೋಮ್ ಬಿಸಿಯಾಗಿ ಉಬ್ಬುತ್ತದೆ. ಇದೇ ಕಾರಣಕ್ಕೆ ನಿಲ್ಲಿಸಿದ ಕಾರಿನೊಳಗೆ ವಿಮಾನ ಬಿಟ್ಟು ಊಟಕ್ಕೆ ಹೋಗಬೇಡಿ.

ಮುಗಿದ ಮೇಲೆ ಬ್ಯಾಟರಿ ಹಾಕಿ ಸಿಜಿ ಮತ್ತೆ ನೋಡಿ, ಕಟ್ಟುವಾಗ ನೋಡಿದ್ದು ಈಗ ಲೆಕ್ಕಕ್ಕಿಲ್ಲ. ನನ್ನದು 14 ಮಿ.ಮೀ. ಹಿಂದೆ ಸರಿದಿತ್ತು. ಬ್ಯಾಟರಿಯನ್ನು ಮುಂದೆ ತಳ್ಳಿ, ಬಲೆಗೆ ಕಟ್ಟುವ ಸೀಸದ ಗುಂಡು ಎರಡು ಇಟ್ಟು ಸರಿ ಮಾಡಿದೆ. ಆಮೇಲೆ ರೆಕ್ಕೆಯ ಎರಡು ತುದಿ ಬೆರಳ ಮೇಲಿಟ್ಟು ಇಡೀ ವಿಮಾನ ಎತ್ತಿ. ಕಿರಕ್ ಅನ್ನುವ ಶಬ್ದ ಬಂದರೆ ಎಲ್ಲೋ ಅಂಟು ಬಿಟ್ಟಿದೆ. ಮಂಗಳೂರಿನವರು, ಮುಖ್ಯವಾಗಿ ಬಜಪೆ ವಿಮಾನ ನಿಲ್ದಾಣದ ಸುತ್ತಮುತ್ತ ಇರುವವರು, ಹಾರಿಸುವ ಜಾಗವನ್ನು ಸರ್ಕಾರದ ಡಿಜಿಟಲ್ ಸ್ಕೈ ವಾಯುಪ್ರದೇಶ ನಕ್ಷೆಯಲ್ಲಿ ನೋಡಿಯೇ ಹೊರಡಿ.

ಮೊದಲ ಹಾರಾಟ ಮುಗಿಸಿ ಬಂದ ತಕ್ಷಣ ಹೆಬ್ಬೆರಳನ್ನು ಸ್ಪಾರ್ ಉದ್ದಕ್ಕೂ, ಆಮೇಲೆ ಹಿಂಜ್ ಉದ್ದಕ್ಕೂ ಒತ್ತುತ್ತ ಹೋಗಿ. ಮೆತ್ತಗೆ ಸಿಕ್ಕ ಜಾಗಕ್ಕೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿ, ಮನೆಗೆ ಬಂದು ಆ ಗುರುತಿಗೆ ಮಾತ್ರ ಎರಡು ಹನಿ ಎಪಾಕ್ಸಿ.